ಧನ್ಯವಾದ ಹೇಳಿ ನುಂಗಿಬಿಟ್ಟ ಆರ್ಡರುಗಳು

ನಮ್ಮ ಅಡಿಗೆಮನೆಯ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ ಎಂದರೆ ನಂಬುತ್ತೀರಾ? ಕೊಳೆತ ಕೋಸಿನಂಥ ಆ ಕೆಟ್ಟ ನಾತವನ್ನು ಬೇಕೆಂದೇ ಬೆರೆಸಿ ಕಳಿಸುತ್ತಾರೆ. ಈಥೈಲ್ ಮರ್ಕ್ಯಾಪ್ಟನ್ ಎಂದು ಆ ದ್ರವ್ಯದ ಹೆಸರು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ, ಯಾರಿಗೂ ತಿಳಿಯದಂತೆ ಕಟ್ಟಡದ ಅಡಿಯಲ್ಲಿ ತುಂಬಿಕೊಂಡು ಸಿಡಿದು, ಸುಮಾರು 300 ಮಂದಿ ಮಕ್ಕಳೂ ಶಿಕ್ಷಕರೂ ಪ್ರಾಣ ಬಿಟ್ಟರು. ಅನಿಲಕ್ಕೆ ನಾತ ಸೇರಿಸಲೇಬೇಕೆಂಬ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. ನಾವು ಸೆರಗಿನಿಂದ ಮೂಗು ಮುಚ್ಚಿಕೊಳ್ಳುವ ಆ ನಾತವೇ ನಮ್ಮನ್ನು ಕಾಯುತ್ತಿದೆ ನೋಡಿ.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಲ್ಲೂ ಇಂಥದೊಂದು ಏರ್ಪಾಟು ಇದೆ. ಕೆಲಸ ಕೆಟ್ಟಾಗ ಯಂತ್ರ ತಾನಾಗಿ ‘ನಾತ’ ಹೊಡೆಯುತ್ತದೆ. ಆದರೆ ಕೆಲವರು ಆ ನಾತವನ್ನು ಅಳಿಸಿಬಿಡುತ್ತಾರೆ. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ನಮ್ಮೂರ ಮಹಿಳಾ ಸಂಘದವರು ಕೇಳಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ನಿಮ್ಮಲ್ಲೂ ಎಷ್ಟೋ ಮಂದಿ ಚಕ್ಕುಲಿ, ಉಪ್ಪಿನಕಾಯಿ, ಕುಚ್ಚು ಹಾಕಿದ ಸೀರೆ ಅಂತ ವೆಬ್‌ಸೈಟಿನಲ್ಲಿ ಮಾರುತ್ತಿರಬಹುದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಂಘದ ಹದಿನಾಲ್ಕು ಮಂದಿ ಸೇರಿ ಹಲಸಿನ ಹಪ್ಪಳ, ಉದ್ದಿನ ಹಪ್ಪಳ, ಬಾಳಕದ ಮೆಣಸು, ಅಪ್ಪೆಮಿಡಿ ಮಾಡಿ ಮಾರುತ್ತಾರೆ. ವೆಬ್‌ಸೈಟನ್ನು ದುಡ್ಡು ಕೊಟ್ಟು ಮಾಡಿಸಿದ್ದು. ಗಿರಾಕಿಗಳು ಹೆಸರು, ವಿಳಾಸ, ಏನು ಬೇಕು, ಎಷ್ಟು ಬೇಕು ಎಂದು ತುಂಬಿ ಗುಂಡಿ ಒತ್ತಿದರೆ, ‘ಧನ್ಯವಾದಗಳು, ನಿಮ್ಮ ಆರ್ಡರ್ ಸ್ವೀಕರಿಸಿದ್ದೇವೆ’ ಎಂದು ಬರುತ್ತದೆ. ಪಾರ್ಸೆಲ್ ಮನೆಗೆ ಬಂದಾಗ ಹಣ ಕೊಟ್ಟರಾಯಿತು. ಆರಂಭದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ದೀಪಾವಳಿ ಹೊತ್ತಿಗೆ ‘ವಿಶೇಷ ಸೂಚನೆ’ ಎಂಬ ಹೊಸ ಖಾನೆಯೊಂದನ್ನು ಸೇರಿಸಿದರು, ಖಾರ ಕಡಿಮೆ ಹಾಕಿ, ಇಂಗು ಬೇಡ ಅಂತೆಲ್ಲ ಜನ ಬರೆಯಲಿ ಎಂದು. ಸಂಕ್ರಾಂತಿ ಕಳೆದದ್ದೇ ತಡ, ಫೋನುಗಳು ಬರತೊಡಗಿದವು.

“ಏನ್ರೀ, ಆರ್ಡರ್ ಕೊಟ್ಟು ಇಪ್ಪತ್ತು ದಿನ ಆಯ್ತು. ಹಪ್ಪಳ ಎಲ್ಲಿ?”

ಪುಸ್ತಕ ತೆಗೆದು ನೋಡಿದರೆ ಅವರ ಹೆಸರೇ ಇಲ್ಲ. ಯಂತ್ರದಲ್ಲೂ ಇಲ್ಲ. “ನೀವು ಗುಂಡಿ ಒತ್ತಿಲ್ಲವೇನೋ” ಎಂದರೆ, “ಧನ್ಯವಾದ ಅಂತ ಬಂತಲ್ರೀ, ನನ್ನ ಕಣ್ಣಾರೆ ಓದಿದೀನಿ” ಎಂದು ಅವರು ಸಿಟ್ಟಾಗುತ್ತಿದ್ದರು. ಸಿಟ್ಟಾಗದೆ ಇರುತ್ತಾರೆಯೇ?

ಆರ್ಡರು ನೋಡಿಕೊಳ್ಳುವಾಕೆ ಹೈಸ್ಕೂಲು ಓದಿದವಳು. ಗಣಕ ಕಲಿತದ್ದೇ ಈ ಕೆಲಸಕ್ಕಾಗಿ. ಬೆಳಿಗ್ಗೆ ಬಂದು ಆರ್ಡರುಗಳನ್ನು ಪುಸ್ತಕಕ್ಕೆ ಇಳಿಸಿ, ವಿಳಾಸದ ಚೀಟಿ ಅಂಟಿಸಿ, ಅಂಚೆಗೆ ಹಾಕಿ ಬರುವುದು ಅವಳ ಕೆಲಸ. ಸಂಘದಲ್ಲಿ ಗುಸುಗುಸು ಎದ್ದಿತು. ಚೀಟಿ ಕಳೆದುಹಾಕ್ತಾಳೆ ಎಂದರು ಒಬ್ಬರು. ಬಂದ ಆರ್ಡರನ್ನು ಅವಳೇ ಬರೆದಿಟ್ಟುಕೊಂಡು ಬೇರೆ ಕಡೆಯಿಂದ ಹಪ್ಪಳ ತರಿಸಿ ಮಾರ್ತಾಳಂತೆ ಎಂದು ಇನ್ನೊಬ್ಬರು. ಈ ‘ಅಂತೆ’ ಎಂಬ ಎರಡಕ್ಷರ ಎಷ್ಟು ಮನೆ ಮುರಿದಿದೆಯೋ! ಒಂದು ಶನಿವಾರ ಆಕೆ ಬೀರುವಿನ ಬೀಗದ ಕೈಯನ್ನೂ ಪುಸ್ತಕವನ್ನೂ ಅಧ್ಯಕ್ಷೆಯ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಮನೆಗೆ ಹೊರಟುಹೋದಳು.

ಯಂತ್ರ ಸುಳ್ಳು ಹೇಳುತ್ತದೆ ಎಂದು ಯಾರಿಗೂ ತೋಚುವುದಿಲ್ಲ, ಎದುರಿಗೆ ಕೂತ ಮನುಷ್ಯರೇ ಕಳ್ಳರಾಗಿ ಕಾಣುತ್ತಾರೆ. ಇದು ನಮ್ಮೂರಿಗೆ ಮಾತ್ರ ಸೇರಿದ ಕಥೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುವವರಿಗೆ ಹೊರೈಜ಼ನ್ ಎಂಬ ಗಣಕ ವ್ಯವಸ್ಥೆಯನ್ನು ಕೊಟ್ಟಿದ್ದರು. ಅದರ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸುತ್ತಿತ್ತು. ಒಳಗಿನ ದೋಷಗಳ ಸುಳಿವು ಎಷ್ಟೋ ಸಲ ಕೌಂಟರಿನಲ್ಲಿ ಕೂತವರಿಗೆ ಸಿಗುತ್ತಲೇ ಇರಲಿಲ್ಲ. ಯಂತ್ರವನ್ನು ನಂಬಿ ಮನುಷ್ಯರನ್ನು ಹಿಡಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಅಪರಾಧಿಗಳೆಂಬ ಹಣೆಪಟ್ಟಿ ಬಿತ್ತು. 2010ರಲ್ಲಿ ಗರ್ಭಿಣಿಯೊಬ್ಬಳನ್ನು ಜೈಲಿಗೆ ಕಳಿಸಿದರು. ಆ ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು 2019ರಲ್ಲಿ ಅಲ್ಲಿನ ಹೈಕೋರ್ಟು ಹೇಳಿತು. ಆ ತೀರ್ಪುಗಳನ್ನು ಒಟ್ಟಾರೆ ರದ್ದು ಮಾಡುವ ಕಾನೂನು ಬರಲು 2024 ಆಗಬೇಕಾಯಿತು.

ಇರಲಿ, ನಮ್ಮ ಹಪ್ಪಳಕ್ಕೆ ಬರೋಣ. ನನ್ನ ಸೊಸೆಗೆ ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುವ ನೌಕರಿ. ಯುಗಾದಿ ಹಬ್ಬದ ರಜೆಯಲ್ಲಿ ಅವಳನ್ನೇ ಹಿಡಿದೆವು. ಅವಳು ಮೊದಲು ತಾನೇ ಗಿರಾಕಿಯಾಗಿ ಅರ್ಧ ಕೇಜಿ ಹಪ್ಪಳಕ್ಕೆ ಆರ್ಡರು ಹಾಕಿದಳು. ಸರಿಯಾಗಿ ದಾಖಲಾಯಿತು. ಇನ್ನೊಮ್ಮೆ ಹಾಕಿದಳು, ಅದೂ ಬಂತು. “ಮತ್ತೇನಿದೆ, ಯಂತ್ರ ಸರಿಯಾಗೇ ಇದೆಯಲ್ಲ!” ಎಂದರು ನಮ್ಮವರು ಪಕ್ಕದಿಂದ.

“ಮಾವ, ಎಲ್ಲ ಸರಿ ಇದ್ದಾಗ ಸರಿಯಾಗಿ ನಡೆಯೋದು ದೊಡ್ಡದಲ್ಲ. ಈ ಯಂತ್ರ ಧನ್ಯವಾದ ಅನ್ನೋದು ಯಾವಾಗ? ಬರೆದುಕೊಂಡ ಮೇಲೋ, ಅಥವಾ ಬರೆದುಕೊಂಡರೂ ಬಿಟ್ಟರೂನೋ? ಅದನ್ನ ನೋಡಬೇಕು.”

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು.

ವೆಬ್‌ಸೈಟು ಇರುವ ಗಣಕದಲ್ಲಿ ಯಾವ ಪುಟವನ್ನು ಯಾವ ದಿನ, ಯಾವ ಹೊತ್ತಿಗೆ ಯಾರೋ ತೆರೆದರು ಎಂಬ ದಿನಚರಿ ತಾನಾಗಿಯೇ ಬರೆದುಕೊಳ್ಳುತ್ತಿರುತ್ತದೆ. ಬಾಗಿಲಲ್ಲಿ ಕೂತ ಗೂರ್ಖ ಬಂದುಹೋದವರನ್ನು ಗುರುತು ಹಾಕಿಕೊಂಡಂತೆ. ಆ ದಿನಚರಿಯಲ್ಲಿ ಮೂರು ತಿಂಗಳ ಧನ್ಯವಾದಗಳನ್ನು ಎಣಿಸಿದಳು: 412. ಅದೇ ಅವಧಿಯಲ್ಲಿ ದಾಖಲಾದ ಆರ್ಡರುಗಳು 371. ಅಂದರೆ 41 ಮಂದಿಗೆ ಧನ್ಯವಾದ ಹೇಳಿ ಕಳಿಸಿದೆ, ಆರ್ಡರು ಮಾತ್ರ ಇಲ್ಲ. ಅಷ್ಟರಲ್ಲಿ ಒಂದು ಸಂಗತಿ ಇತ್ಯರ್ಥವಾಯಿತು. ಪುಸ್ತಕ ಬರೆಯುವಾಕೆಯ ಕೈ ಸೇರುವ ಮೊದಲೇ ಆರ್ಡರುಗಳು ಮಾಯವಾಗಿದ್ದವು.

ಇನ್ನು ಮುಂದಿನದು ಅರ್ಥವಾಗಬೇಕಾದರೆ ‘ಎಕ್ಸೆಪ್ಷನ್’ ಎಂಬ ಮಾತನ್ನು ತಿಳಿಯಬೇಕು. ಸೊಸೆ ನನಗೆ ಹೇಳಿದ ರೀತಿಯಲ್ಲೇ ನಿಮಗೂ ಹೇಳುತ್ತೇನೆ. ಮಗನನ್ನು ಅಂಗಡಿಗೆ ಕಳಿಸುತ್ತೀರಿ, ಸಕ್ಕರೆ ತಾ ಎಂದು. ಅಂಗಡಿ ಮುಚ್ಚಿದೆ. ಒಳ್ಳೆಯ ಹುಡುಗ ಓಡಿಬಂದು, “ಅಮ್ಮಾ, ಅಂಗಡಿ ಮುಚ್ಚಿದೆ” ಎನ್ನುತ್ತಾನೆ. ಇದೇ ಎಕ್ಸೆಪ್ಷನ್. ಯಂತ್ರದೊಳಗಿನ ಒಂದು ಭಾಗ ತನಗೆ ಒಪ್ಪಿಸಿದ ಕೆಲಸ ಆಗದಿದ್ದಾಗ, ಒಪ್ಪಿಸಿದವರಿಗೆ ಕೂಗಿ ಹೇಳುವುದು. ಆ ಕೂಗನ್ನು ಕೇಳಿಸಿಕೊಂಡು ತಕ್ಕ ಏರ್ಪಾಟು ಮಾಡುವ ಜಾಗಕ್ಕೆ ‘ಕ್ಯಾಚ್’ ಎನ್ನುತ್ತಾರೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಇಸ್ಕೊಂಡು ಬಾ ಎಂದು ನೀವು ಹೇಳಿದರೆ ಅದು ಒಳ್ಳೆಯ ಕ್ಯಾಚ್. ಈಗ ಇನ್ನೊಂದು ಬಗೆ ನೋಡಿ. ಅಂಗಡಿ ಮುಚ್ಚಿದ್ದನ್ನು ಕಂಡ ಹುಡುಗ ಸುಮ್ಮನೆ ಹಿಂದಿನ ಬಾಗಿಲಿಂದ ಬಂದು ಆಟಕ್ಕೆ ಕೂರುತ್ತಾನೆ. ನೀವು ಒಳಗಿನಿಂದ “ಆಯ್ತೇನೋ?” ಎಂದರೆ “ಹ್ಞೂಂ, ಆಯ್ತಮ್ಮ” ಎನ್ನುತ್ತಾನೆ. ನೀವು ಶ್ಯಾವಿಗೆ ಪಾಯಸಕ್ಕೆ ಹಾಲು ಕಾಯಿಸಲು ಇಡುತ್ತೀರಿ, ನೆಂಟರು ಎಲೆ ಮುಂದೆ ಕೂತಿದ್ದಾರೆ. ಪ್ರೋಗ್ರಾಂ ಬರೆಯುವವರ ಭಾಷೆಯಲ್ಲಿ ಇದಕ್ಕೆ ಎಕ್ಸೆಪ್ಷನ್ನನ್ನು ನುಂಗುವುದು ಎಂದೇ ಹೆಸರು.

ಈ ಕೂಗಿ ಹೇಳುವ ಕ್ರಮವನ್ನು ಒಪ್ಪ ಮಾಡಿದವರಲ್ಲಿ ಒಬ್ಬ ಹೆಂಗಸಿನ ಹೆಸರು ಮುಂದಿದೆ. ಬಾರ್ಬರಾ ಲಿಸ್ಕೋವ್ ಎಂದು. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಆಕೆಯೂ ಸಂಗಡಿಗರೂ ರೂಪಿಸಿದ ಸಿಎಲ್‌ಯು ಎಂಬ ಗಣಕಭಾಷೆಯಲ್ಲಿ ಇದಕ್ಕೆ ಚೊಕ್ಕ ವ್ಯವಸ್ಥೆ ಇತ್ತು. 2008ರ ಟ್ಯೂರಿಂಗ್ ಪ್ರಶಸ್ತಿ ಆಕೆಗೆ ಬಂತು. ಗಣಕಶಾಸ್ತ್ರದವರಿಗೆ ಅದು ನೊಬೆಲ್ ಇದ್ದಂತೆ.

ಸೊಸೆ ನಮ್ಮ ವೆಬ್‌ಸೈಟಿನ ಕಡತಗಳನ್ನೆಲ್ಲ ತೆರೆದು ‘ಕ್ಯಾಚ್’ ಎಂಬ ಮಾತು ಎಲ್ಲೆಲ್ಲಿದೆ ಎಂದು ಹುಡುಕಿಸಿದಳು. 23 ಕಡೆ ಇತ್ತು. ಅದರಲ್ಲಿ ಆರು ಕಡೆ, ಒಂದು ಬಾಗಿದ ಆವರಣ ಚಿಹ್ನೆ ತೆರೆದಿದೆ, ಒಂದು ಮುಚ್ಚಿದೆ, ನಡುವೆ ಏನೆಂದರೆ ಏನೂ ಇಲ್ಲ. ಆರ್ಡರನ್ನು ದಾಖಲು ಮಾಡುವ ಜಾಗವೂ ಆ ಆರರಲ್ಲಿ ಒಂದು. ಪಕ್ಕದಲ್ಲಿ ‘ಆಮೇಲೆ ನೋಡುವುದು’ ಎಂದು ಟಿಪ್ಪಣಿ. ಅದರ ಕೆಳಗಿನ ಸಾಲೇ ಧನ್ಯವಾದ.

“ಎಷ್ಟು ಧೈರ್ಯ!” ಎಂದೆ ನಾನು.

“ಧೈರ್ಯ ಅಲ್ಲ ಅತ್ತೆ, ಅವಸರ. ನಾಳೆ ಗಿರಾಕಿಗೆ ತೋರಿಸ್ಬೇಕು ಅಂತ ಇರುತ್ತೆ, ಪರದೆ ಮೇಲೆ ಕೆಂಪು ಅಕ್ಷರ ಬಂದ್ರೆ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಚಿಸಿಬಿಡ್ತಾರೆ. ಆಮೇಲೆ ನೋಡೋಣ ಅಂತ ಇರುತ್ತೆ. ಆ ಆಮೇಲೆ ಬರೋದೇ ಇಲ್ಲ.”

ಬಾಯಿ ಮುಚ್ಚಿಸಲು ಒಂದೊಂದು ಭಾಷೆಯಲ್ಲಿ ಒಂದೊಂದು ಉಪಾಯವಂತೆ. ಬೇಸಿಕ್ ಬಳಗದ ಭಾಷೆಗಳಲ್ಲಿ, ತಪ್ಪಾದರೆ ಮುಂದಿನ ಸಾಲಿಗೆ ಹೋಗು ಎಂದು ಒಂದೇ ಆಜ್ಞೆ ಕೊಡಬಹುದಿತ್ತು. ನಮ್ಮ ವೆಬ್‌ಸೈಟು ಬರೆದಿರುವ ಪಿಎಚ್‌ಪಿಯಲ್ಲಿ ಸಾಲಿನಲ್ಲಿ ಒಂದು ಸುರುಳಿ ಚಿಹ್ನೆ ಹಾಕಿದರೆ ತಪ್ಪಿನ ಸುದ್ದಿ ಹೊರಗೆ ಬಾರದು. ಅದು ಮಾರಕ ದೋಷಗಳನ್ನೂ ಮುಚ್ಚುತ್ತಿತ್ತು, 2020ರಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಹಳ್ಳಿ ಹಪ್ಪಳದ ವೆಬ್‌ಸೈಟಿನವರು ಮಾತ್ರ ಹೀಗೆ ಮಾಡುತ್ತಾರೆಂದೂ ಅಲ್ಲ. 2014ರಲ್ಲಿ ಕೆನಡದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು, ದೊಡ್ಡ ಕಂಪನಿಗಳು ನೆಚ್ಚಿಕೊಂಡಿರುವ ಐದು ತಂತ್ರಾಂಶಗಳಲ್ಲಿ ಆದ 198 ವೈಫಲ್ಯಗಳನ್ನು ಕೂತು ಪರೀಕ್ಷಿಸಿದರು. ಇಡೀ ವ್ಯವಸ್ಥೆಯೇ ಕೈಕೊಟ್ಟ ಘಟನೆಗಳಲ್ಲಿ ನೂರಕ್ಕೆ 92ರಲ್ಲಿ, ತಪ್ಪಾಗಿದೆ ಎಂದು ಯಂತ್ರ ಕೂಗಿ ಹೇಳಿತ್ತು. ಆ ಕೂಗಿಗೆ ಸರಿಯಾದ ಏರ್ಪಾಟು ಇರಲಿಲ್ಲ. ಸುಮಾರು ಮೂರನೇ ಒಂದು ಪಾಲಿನಲ್ಲಿ ಕಾರಣ ತೀರ ಚಿಲ್ಲರೆ: ಖಾಲಿ ಕ್ಯಾಚ್, ‘ಆಮೇಲೆ ನೋಡುವುದು’ ಎಂಬ ಟಿಪ್ಪಣಿ, ಇಂಥವು.

ಖಾಲಿ ಜಾಗ ಸಿಕ್ಕಿತು. ಆದರೆ ಯಂತ್ರ ನುಂಗಿದ ಆ ಮಾತು ಯಾವುದು? ಅದು ತಿಳಿಯದೆ ರಿಪೇರಿ ಮಾಡುವುದು ರೋಗ ತಿಳಿಯದೆ ಕಷಾಯ ಕುಡಿಸಿದಂತೆ. ಸೊಸೆ ಆ ಖಾಲಿ ಆವರಣದೊಳಗೆ ಒಂದೇ ಒಂದು ಸಾಲು ಸೇರಿಸಿದಳು. ಬಂದ ತಪ್ಪಿನ ಪೂರ್ತಿ ಮಾತು, ಅದು ಯಾವ ಕಡತದ ಎಷ್ಟನೇ ಸಾಲಿನಲ್ಲಿ ಆಯಿತು, ಯಾರು ಯಾರನ್ನು ಕರೆದು ಅಲ್ಲಿಗೆ ಬಂದರು ಎಂಬ ವಂಶಾವಳಿ ಸಮೇತ ಒಂದು ದಾಖಲೆಗೆ ಬರೆಯುವ ಸಾಲು. ಇದು ಹೊಸ ಪದ್ಧತಿ ಏನಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಎಂಬ ಗಣಕದ ರಿಲೇ ಒಳಗೆ ಪತಂಗವೊಂದು ಸಿಕ್ಕಿಬಿದ್ದಿತ್ತು. ಅಲ್ಲಿದ್ದವರು ಆ ಪತಂಗವನ್ನು ಎಸೆಯದೆ ದಿನಚರಿ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿ, ಪಕ್ಕದಲ್ಲಿ ವಿವರ ಬರೆದರು. ಗ್ರೇಸ್ ಹಾಪರ್ ಎಂಬ ಗಣಕ ವಿದುಷಿ ಈ ಕಥೆಯನ್ನು ಹೋದಲ್ಲೆಲ್ಲ ಹೇಳಿ ಪ್ರಸಿದ್ಧ ಮಾಡಿದಳು. ಪತಂಗ ಸಮೇತ ಆ ಪುಟ ಈಗಲೂ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡಿದರೆ ದಾಖಲೆಯಲ್ಲಿ ಎರಡು ದೂರು ಬಂದಿತ್ತು. ಎರಡೂ ಒಂದೇ: ‘ವಿಶೇಷ ಸೂಚನೆ’ ಖಾನೆಯಲ್ಲಿ ನನಗೆ ಬರೆಯಲಾಗದ ಅಕ್ಷರ ಬಂದಿದೆ. ಆ ಅಕ್ಷರದ ಸಂಕೇತವನ್ನೂ ಕೊಟ್ಟಿತ್ತು: ಎಫ್‌0, 9ಎಫ್, 99, 8ಎಫ್. ಸೊಸೆ ಅದನ್ನು ಬಿಡಿಸಿ ನೋಡಿ ಕುರ್ಚಿಗೆ ಒರಗಿ ನಗಲು ಶುರುಮಾಡಿದಳು.

“ಏನೇ ಅದು?”

“ನಮಸ್ಕಾರ, ಅತ್ತೆ!”

ಮೊಬೈಲಿನಲ್ಲಿ ನಾವೆಲ್ಲ ಹಾಕುತ್ತೇವಲ್ಲ, ಎರಡು ಕೈ ಜೋಡಿಸಿದ ಚಿತ್ರ, ಅದು! ‘ಖಾರ ಕಡಿಮೆ ಇರಲಿ’ ಎಂದು ಬರೆದು ಕೊನೆಗೊಂದು ನಮಸ್ಕಾರ ಹಾಕಿದ ಮರ್ಯಾದಸ್ಥರ ಆರ್ಡರುಗಳನ್ನೇ ಯಂತ್ರ ಆರಿಸಿ ಆರಿಸಿ ನುಂಗಿತ್ತು. ಒರಟಾಗಿ ಬರೆದವರಿಗೆಲ್ಲ ಹಪ್ಪಳ ತಲುಪಿತ್ತು. ಸೊಸೆ ಹಾಕಿದ ಪರೀಕ್ಷೆಯ ಆರ್ಡರುಗಳಲ್ಲಿ ನಮಸ್ಕಾರ ಇರಲಿಲ್ಲವಾದ್ದರಿಂದ ಅವೂ ಸುಸೂತ್ರವಾಗಿ ದಾಖಲಾಗಿದ್ದವು.

ಕಾರಣ ಹೀಗೆ. ಯಂತ್ರ ಅಕ್ಷರಗಳನ್ನು ಬೈಟು ಎಂಬ ಅಳತೆಯಲ್ಲಿ ಇಡುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ನಮ್ಮ ‘ಅ’ಕಾರಕ್ಕೆ ಮೂರು ಬೇಕು. ಆ ನಮಸ್ಕಾರದ ಚಿತ್ರಕ್ಕೆ ನಾಲ್ಕು. ಆರ್ಡರುಗಳನ್ನು ಇಟ್ಟಿದ್ದ ಮೈಎಸ್‌ಕ್ಯುಎಲ್ ಎಂಬ ಉಗ್ರಾಣದಲ್ಲಿ ಯುಟಿಎಫ್ 8 ಎಂಬ ಹೆಸರಿನ ಹಳೆಯ ಏರ್ಪಾಟು ಮೂರು ಬೈಟಿಗಿಂತ ದೊಡ್ಡ ಅಕ್ಷರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಲ್ಕು ಬೈಟಿನ ಏರ್ಪಾಟು 2010ರಲ್ಲೇ ಬಂದಿತ್ತು, 2018ರ ಎಂಟನೆಯ ಆವೃತ್ತಿಯಿಂದ ಹೊಸದಾಗಿ ಮಾಡುವವರಿಗೆ ತಾನಾಗಿಯೇ ಅದು ಸಿಗುತ್ತದೆ. ನಮ್ಮದು ಎಲ್ಲಿಂದಲೋ ಎತ್ತಿತಂದ ಹಳೆಯ ಅಚ್ಚು. ಉಗ್ರಾಣ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತೆನ್ನಿ. ಆಗಲ್ಲ ಎಂದು ಪ್ರತಿ ಸಲವೂ ಕೂಗಿತ್ತು.

ಉಗ್ರಾಣವನ್ನು ನಾಲ್ಕು ಬೈಟಿಗೆ ಬದಲಿಸಲು ಅರ್ಧ ಗಂಟೆ ಸಾಕಾಯಿತು. ಉಳಿದ ಐದು ಖಾಲಿ ಕ್ಯಾಚುಗಳಿಗೆ ಎರಡು ದಿನ ಹಿಡಿಯಿತು. ಅವುಗಳಲ್ಲಿ ಒಂದನ್ನು ಹಾಗೇ ಬಿಟ್ಟಳು. ಮುಖಪುಟದಲ್ಲಿ ಈ ದಿನದ ಹವೆ ತೋರಿಸುವ ಒಂದು ಸಣ್ಣ ಚಿತ್ರವಿದೆ, ಅದು ಬಾರದಿದ್ದರೆ ಲೋಕವೇನೂ ಮುಳುಗುವುದಿಲ್ಲ. ಬೇಕೆಂದೇ ಬಿಟ್ಟಿದ್ದೇನೆ, ಇಂಥ ಕಾರಣಕ್ಕೆ ಎಂದು ಪಕ್ಕದಲ್ಲಿ ಬರೆದಳು. ಆರ್ಡರಿನ ಜಾಗದಲ್ಲಿ ಮಾತ್ರ, ದಾಖಲಾಗದಿದ್ದರೆ ಧನ್ಯವಾದದ ಸಾಲಿಗೆ ಹೋಗುವ ದಾರಿಯನ್ನೇ ಮುಚ್ಚಿದಳು. ಯಂತ್ರದ ಒಳಮಾತೆಲ್ಲ ಗಿರಾಕಿಯ ಪರದೆಗೆ ಬರುವುದೂ ಒಳ್ಳೆಯದಲ್ಲವಂತೆ, ಮನೆಯ ನಕ್ಷೆಯನ್ನು ಕಳ್ಳರ ಕೈಗೆ ಕೊಟ್ಟಂತೆ ಆಗುತ್ತದೆ. ಪೂರ್ತಿ ವಿವರ ನಮ್ಮ ದಾಖಲೆಗೆ. ಗಿರಾಕಿಗೆ ಎರಡೇ ಮಾತು: ನಿಮ್ಮ ಆರ್ಡರು ದಾಖಲಾಗಲಿಲ್ಲ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ.

ಆ 41 ಮಂದಿ ಯಾರೆಂದು ಮಾತ್ರ ತಿಳಿಯಲಿಲ್ಲ. ಗೂರ್ಖನ ದಿನಚರಿಯಲ್ಲಿ ಬಂದುಹೋದ ಗುರುತು ಇದೆ, ಅವರು ತುಂಬಿದ ಹೆಸರು ವಿಳಾಸ ಇಲ್ಲ. ಫೋನು ಮಾಡಿ ಬೈದ ಹನ್ನೊಂದು ಮಂದಿಗೆ ಹಪ್ಪಳ ಕಳಿಸಿಕೊಟ್ಟರು. ಉಳಿದ ಮೂವತ್ತು ಮಂದಿ ಸಂಘದವರನ್ನು ಏನೆಂದುಕೊಂಡರೋ, ಬೈಯದೆ ಸುಮ್ಮನಾದವರ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ನೀವು ವೆಬ್‌ಸೈಟು ಮಾಡಿಸುವುದಾದರೆ, ಬಣ್ಣ ಚೆನ್ನಾಗಿದೆಯೇ ಎಂದು ನೋಡುವಾಗಲೇ ಇನ್ನೂ ಒಂದು ಮಾತು ಕೇಳಿ: ಆರ್ಡರು ದಾಖಲಾಗದೆ ಹೋದರೆ ನನಗೆ ಹೇಗೆ ತಿಳಿಯುತ್ತದೆ? ಆಗೋದೇ ಇಲ್ಲ ಮೇಡಂ ಎಂದರೆ ಒಪ್ಪಿಕೊಳ್ಳಬೇಡಿ, ಅವರ ಎದುರಿಗೇ ಹಾಳು ಮಾಡಿ ನೋಡಿ. ಪಿನ್ ಕೋಡಿನಲ್ಲಿ ಕನ್ನಡದ ಅಂಕಿ ಹಾಕಿ, ವಿಳಾಸದಲ್ಲಿ ಮೂರು ತಲೆಮಾರಿನ ಹೆಸರು ಬರೆಯಿರಿ, ಹೆಸರಿನ ಪಕ್ಕ ಹೂವು, ದೀಪ, ನಮಸ್ಕಾರ ಎಲ್ಲ ಇಡಿ. ಉಗ್ರಾಣದ ಸಂಪರ್ಕವನ್ನೇ ಒಂದು ನಿಮಿಷ ತಪ್ಪಿಸಲು ಹೇಳಿ ಗುಂಡಿ ಒತ್ತಿ. ಆಗಲೂ ‘ಧನ್ಯವಾದಗಳು’ ಎಂದು ಬಂದರೆ ಬಾಕಿ ಹಣ ತಡೆಹಿಡಿಯುವುದೇ ಲೇಸು. ತಿಂಗಳಿಗೊಮ್ಮೆ ಧನ್ಯವಾದದ ಲೆಕ್ಕವನ್ನೂ ಆರ್ಡರಿನ ಲೆಕ್ಕವನ್ನೂ ತಾಳೆ ನೋಡುವುದು ಹಾಲಿನ ಲೆಕ್ಕ ನೋಡಿದಷ್ಟೇ ಸುಲಭ.

ಸಂಘದ ಸಭೆಯಲ್ಲಿ ಸೊಸೆ 412, 371 ಎಂದು ದೊಡ್ಡದಾಗಿ ಬರೆದ ಹಾಳೆಯನ್ನು ಎಲ್ಲರ ಮುಂದೆ ಹಿಡಿದು ನಡೆದದ್ದನ್ನು ಬಿಡಿಸಿ ಹೇಳಿದಳು. ‘ಅಂತೆ’ ಎಂದವರು ಸೀರೆಯ ಅಂಚು ಸರಿಮಾಡಿಕೊಳ್ಳುತ್ತ ಕೂತರು. ಅಧ್ಯಕ್ಷೆಯೇ ಆಕೆಯ ಮನೆಗೆ ಹೋಗಿ ಬೀಗದ ಕೈ ಕೊಟ್ಟು ಬಂದರು. ಅವಳು ಕೂಡಲೇ ತೆಗೆದುಕೊಳ್ಳಲಿಲ್ಲವಂತೆ, ಆ ಹಾಳೆಯನ್ನು ತನಗೆ ಕೊಡಿ ಎಂದು ಕೇಳಿದಳಂತೆ. ಅದೀಗ ಆರ್ಡರಿನ ಬೀರುವಿನ ಬಾಗಿಲ ಒಳಬದಿಯಲ್ಲಿದೆ, ಅಂಟಿಸಿಟ್ಟಿದ್ದಾಳೆ.

ಹಲಸಿನ ಕಾಲದಲ್ಲಿ ಒಂದು ಮಧ್ಯಾಹ್ನ ನಾನು ಅಲ್ಲಿ ಕೂತಿದ್ದಾಗಲೇ ಫೋನು ಬಂತು. ದಾವಣಗೆರೆಯ ಕಡೆಯ ಒಬ್ಬ ಹಿರಿಯರು. “ನೋಡಮ್ಮ, ನಿಮ್ಮ ಯಂತ್ರ ನನ್ನ ಆರ್ಡರ್ ಬರೆದುಕೊಳ್ಳಲ್ಲ ಅಂತ ಅದೇ ಬಾಯಿಬಿಟ್ಟು ಹೇಳ್ತು. ಅದಕ್ಕೇ ಫೋನ್ ಮಾಡ್ದೆ” ಎಂದರು. ದಾಖಲೆ ತೆರೆದು ನೋಡಿದರೆ, ವಿಳಾಸದ ಖಾನೆ ಹಿಡಿಸುವುದಕ್ಕಿಂತ ಉದ್ದ ವಿಳಾಸ ಬರೆದಿದ್ದರು. ಆಕೆ ಪೆನ್ನು ತೆಗೆದುಕೊಂಡು, “ಹೇಳಿ ಸರ್, ನಾನೇ ಬರ್ಕೋತೀನಿ” ಎಂದು, ದೇವಸ್ಥಾನದ ಹಿಂದೆ, ಹಳೇ ಹಿಟ್ಟಿನ ಗಿರಣಿ ಎದುರು, ಮಹಡಿ ಮನೆ ಎಂಬುದೆಲ್ಲ ಸೇರಿಸಿ, ಹಲಸಿನ ಹಪ್ಪಳ ಎರಡು ಕೇಜಿ ಎಂದು ಪುಸ್ತಕಕ್ಕೆ ಇಳಿಸಿಕೊಂಡಳು.